ಫ್ಯಾಬ್ ತರುವ ಮುಂಚೆ ಚಿಪ್ಪಿಗೆ ಗಿರಾಕಿ ಆಗಿ: ಕರ್ನಾಟಕ ಸರ್ಕಾರಕ್ಕೊಂದು ಬಹಿರಂಗ ಪತ್ರ

ರಾಜ್ಯದ ಕೈಗಾರಿಕಾ ಸಚಿವರಿಗೆ ಮತ್ತು ಐಟಿ-ಬಿಟಿ ಸಚಿವರಿಗೆ ನಮಸ್ಕಾರ.

ಮಾನ್ಯರೇ,

ಮೈಸೂರಿಗೆ ಚಿಪ್ ಕಾರ್ಖಾನೆ, ಅಂದರೆ ಫ್ಯಾಬ್, ಬರುತ್ತದೆ ಅನ್ನೋ ಸುದ್ದಿಯನ್ನು ನಾವು ಎರಡು ಸಲ ಕೇಳಿದ್ದೇವೆ. ಮೊದಲ ಸಲ 2022ರ ಮೇ ತಿಂಗಳಲ್ಲಿ. ಐಎಸ್‌ಎಂಸಿ ಅನ್ನೋ ಕಂಪನಿ 22,900 ಕೋಟಿ ರೂಪಾಯಿ ಹಾಕುತ್ತದೆ ಅಂತ ಒಡಂಬಡಿಕೆಗೆ ಸಹಿ ಬಿತ್ತು. ತಂತ್ರಜ್ಞಾನ ಇಸ್ರೇಲಿನ ಟವರ್ ಕಂಪನಿಯಿಂದ ಬರಬೇಕಿತ್ತು. ಆ ಟವರ್ ಕಂಪನಿಯನ್ನೇ ಇಂಟೆಲ್ ಕೊಳ್ಳಲು ಹೊರಟಿದ್ದರಿಂದ ಮೈಸೂರಿನ ವಿಷಯ ನಿಂತೇ ಇತ್ತು. 2023ರ ಆಗಸ್ಟಿನಲ್ಲಿ ಆ ಖರೀದಿಯೂ ಮುರಿದುಬಿತ್ತು. ಮೈಸೂರಿನ ಫ್ಯಾಬ್ ಕಾಗದದಲ್ಲೇ ಉಳಿಯಿತು. ಎರಡನೇ ಸಲ 2024ರ ಕೊನೆಗೆ. ಸಾಫ್ಟ್‌ವೇರ್ ಕಂಪನಿ ಝೋಹೊ ಕಡೆಯ ಸಿಲೆಕ್ಟ್ರಿಕ್ ಕಂಪನಿಗೆ ಕೋಚನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಸುಮಾರು 3,426 ಕೋಟಿಯ ಯೋಜನೆಗೆ ರಾಜ್ಯ ಒಪ್ಪಿಗೆ ಕೊಟ್ಟಿತು. 2025ರ ಮೇ ಹೊತ್ತಿಗೆ ಝೋಹೊ ಆ ಯೋಚನೆಯನ್ನೇ ಕೈಬಿಟ್ಟಿತು.

ಝೋಹೊ ಕೊಟ್ಟ ಕಾರಣವನ್ನು ನೀವು ಇನ್ನೊಮ್ಮೆ ಓದಬೇಕು ಅಂತ ನನ್ನ ಕೋರಿಕೆ. ಇದು ವಿಪರೀತ ಬಂಡವಾಳ ಕೇಳುವ ವ್ಯವಹಾರ, ಸರ್ಕಾರದ ಬೆಂಬಲ ಬೇಕೇ ಬೇಕು, ಜನರ ತೆರಿಗೆ ದುಡ್ಡು ಮುಟ್ಟುವ ಮುಂಚೆ ತಂತ್ರಜ್ಞಾನದ ದಾರಿ ನಮಗೇ ಖಚಿತವಾಗಿರಬೇಕು, ಆ ಧೈರ್ಯ ಬರಲಿಲ್ಲ ಅನ್ನುವ ಅರ್ಥದಲ್ಲಿ ಅದರ ಸ್ಥಾಪಕ ಶ್ರೀಧರ್ ವೆಂಬು ಬಹಿರಂಗವಾಗಿ ಹೇಳಿದರು. ನನ್ನ ಮಟ್ಟಿಗೆ ಅದು ಗೌರವದ ಮಾತು. ಹೂಡಿಕೆ ಹೋಯಿತಲ್ಲ ಅಂತ ಬೇಸರ ಪಡುವುದಕ್ಕಿಂತ, ಲೆಕ್ಕ ಬಲ್ಲವರು ಯಾಕೆ ಹಿಂದೆ ಸರಿದರು ಅಂತ ಕೇಳಿಕೊಳ್ಳಬೇಕಿತ್ತು.

ಅದಾದ ಮೇಲೆ ನಮ್ಮಲ್ಲಿ ಕೇಳಿಬರುತ್ತಿರುವುದು ಒಂದೇ ಮಾತು. ಟಾಟಾ ಫ್ಯಾಬ್ ಗುಜರಾತಿನ ಧೋಲೇರಾಕ್ಕೆ ಹೋಯಿತು, ಅಮೆರಿಕದ ಮೈಕ್ರಾನ್ ಕಂಪನಿ ಅಲ್ಲಿನದೇ ಸಾಣಂದಕ್ಕೆ ಹೋಯಿತು, ಅಸ್ಸಾಮಿನ ಜಾಗಿರೋಡಿಗೂ ಒಂದು ಘಟಕ ಹೋಯಿತು, ನಮಗೇನೂ ಸಿಗಲಿಲ್ಲ. ಮೈಸೂರಿನದೇ ಕಂಪನಿಯಾದ ಕೇನ್ಸ್ ಕೂಡ ತನ್ನ ಚಿಪ್ ಪ್ಯಾಕೇಜಿಂಗ್ ಘಟಕವನ್ನು ಕಟ್ಟಿದ್ದು ಸಾಣಂದದಲ್ಲಿ. ಈ ನೋವು ಸುಳ್ಳಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದಾಗಿನಿಂದ ಈ ಊರಲ್ಲಿ ಚಿಪ್ ಡಿಸೈನ್ ನಡೆದಿದೆ. ಅದೇ ಕೆಲಸ ಮಾಡಿ ಬದುಕುತ್ತಿರುವ ನನಗೂ ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರಿಲ್ಲ ಅಂದರೆ ಚುಚ್ಚುತ್ತದೆ. ಆದರೂ ನಾನು ಕೇಳಿಕೊಳ್ಳುವುದು ಇಷ್ಟು. ಇನ್ನೊಂದು ಫ್ಯಾಬ್ ತರಬೇಕು ಅಂತ ಜಾಗ, ನೀರು, ಸಬ್ಸಿಡಿಯ ಪೈಪೋಟಿಗೆ ಇಳಿಯಬೇಡಿ. ಆ ದುಡ್ಡಿನಲ್ಲಿ ಒಂದು ಪಾಲನ್ನು, ಇಲ್ಲೇ ಡಿಸೈನ್ ಆದ ಚಿಪ್ ಕೊಳ್ಳುವುದಕ್ಕೆ ಇಡಿ.

ಯಾಕೆ ಅಂತ ಹೇಳಬೇಕಾದರೆ ಫ್ಯಾಬ್ ಒಳಗಿನ ಲೆಕ್ಕವನ್ನು ಸ್ವಲ್ಪ ಬಿಡಿಸಲೇಬೇಕು.

ಧೋಲೇರಾ ಫ್ಯಾಬ್‌ನ ಅಂದಾಜು ವೆಚ್ಚ 91,000 ಕೋಟಿ ರೂಪಾಯಿ. ಪೂರ್ತಿ ಓಡಿದರೆ ತಿಂಗಳಿಗೆ 50,000 ವೇಫರ್ (ಚಿಪ್ಪುಗಳು ಸಾಲಾಗಿ ಮೂಡುವ ಸಿಲಿಕಾನ್ ಬಿಲ್ಲೆ), ಅಂದರೆ ವರ್ಷಕ್ಕೆ ಆರು ಲಕ್ಷ. ಲೆಕ್ಕ ಸುಲಭವಾಗಲಿ ಅಂತ ಇದರಲ್ಲಿ 60,000 ಕೋಟಿ ಬರೀ ಯಂತ್ರಗಳಿಗೆ ಅಂದುಕೊಳ್ಳೋಣ. ಆರು ವರ್ಷದಲ್ಲಿ ಅವುಗಳ ಸವಕಳಿ, ಅಂದರೆ ಯಂತ್ರದ ಬೆಲೆಯನ್ನು ವರ್ಷ ವರ್ಷ ಖರ್ಚಿಗೆ ಹಾಕುವ ಲೆಕ್ಕ, ಬರೆದು ಮುಗಿಸುತ್ತಾರೆ ಅಂತಲೂ ಅಂದುಕೊಳ್ಳೋಣ. ವರ್ಷಕ್ಕೆ 10,000 ಕೋಟಿ ಸವಕಳಿ. ಒಂದೊಂದು ವೇಫರ್ ಮೇಲೆ ಸುಮಾರು 1.67 ಲಕ್ಷ ರೂಪಾಯಿ ಕೂರುತ್ತದೆ. ಇದರಲ್ಲಿ ಇನ್ನೂ ಕರೆಂಟ್ ಸೇರಿಲ್ಲ, ನೀರು ಸೇರಿಲ್ಲ, ಗ್ಯಾಸು, ಕೆಮಿಕಲ್ಲು, ಸಂಬಳ ಯಾವುದೂ ಸೇರಿಲ್ಲ. ಈಗ ಆರ್ಡರ್ ಅರ್ಧದಷ್ಟೇ ಬಂತು ಅನ್ನಿ. ಅದೇ ಸವಕಳಿ ಮೂರು ಲಕ್ಷ ವೇಫರ್ ಮೇಲೆ ಬೀಳುತ್ತದೆ. ಒಂದಕ್ಕೆ 3.33 ಲಕ್ಷ. ಯಂತ್ರ ಸುಮ್ನೆ ನಿಂತಿದ್ದರೂ ಈ ಮೀಟರ್ ಓಡುತ್ತಲೇ ಇರುತ್ತದೆ.

ಕೇಂದ್ರ ಸರ್ಕಾರ ಫ್ಯಾಬ್ ಯೋಜನೆಯ ವೆಚ್ಚದಲ್ಲಿ ಅರ್ಧ ಕೊಡುತ್ತದೆ, ರಾಜ್ಯ ಅದರ ಮೇಲೆ ಇನ್ನಷ್ಟು ಸೇರಿಸುತ್ತದೆ. ಅದರಿಂದ ಕಂಪನಿಯ ಪುಸ್ತಕದಲ್ಲಿ ಈ ಹೊರೆ ಇಳಿಯುತ್ತದೆ, ನಿಜ. ಸಬ್ಸಿಡಿ ಇಲ್ಲದೆ ಜಗತ್ತಿನಲ್ಲಿ ಹೆಚ್ಚುಕಡಿಮೆ ಯಾರೂ ಫ್ಯಾಬ್ ಕಟ್ಟುತ್ತಿಲ್ಲ ಅನ್ನೋದೂ ನಿಜ. ಆದರೆ ಅದು ಕಟ್ಟಡಕ್ಕೆ, ಯಂತ್ರಕ್ಕೆ ಸಿಗುವ ದುಡ್ಡು. ಆರ್ಡರ್ ತರುವ ದುಡ್ಡಲ್ಲ. ಮೇಲಾಗಿ ಚಿಪ್ಪಿನ ಬೆಲೆ ಕಟ್ಟುವವರು ನಾವಲ್ಲ. ಬೇರೆಯವರ ಚಿಪ್ ಮಾಡಿಕೊಡುವ ದೊಡ್ಡ ಕಂಪನಿ ಟಿಎಸ್‌ಎಂಸಿ ತೈವಾನಿನಲ್ಲಿ 28 ನ್ಯಾನೋಮೀಟರ್ ಚಿಪ್ ಮಾಡಲು ಶುರು ಮಾಡಿದ್ದು 2011ರಲ್ಲಿ (ಚಿಪ್ಪಿನ ತಲೆಮಾರನ್ನು ಹೀಗೆ ನ್ಯಾನೋಮೀಟರ್‌ನಲ್ಲಿ ಹೇಳುತ್ತಾರೆ; ಸಂಖ್ಯೆ ಚಿಕ್ಕದಾದಷ್ಟೂ ತಂತ್ರಜ್ಞಾನ ಹೊಸದು). ಆಗ ತಂದ ಯಂತ್ರಗಳ ಸವಕಳಿ ಎಂದೋ ತೀರಿದೆ. ಧೋಲೇರಾ ಈಗ ಹೊಸ ಯಂತ್ರ ಹಾಕಿ ಅದೇ 28 ನ್ಯಾನೋಮೀಟರ್ ಮಾಡಿ, ಆ ಬೆಲೆಗೇ ಮಾರಬೇಕು. ಇನ್ನೊಂದು ಕಡೆ ಚೀನಾ ಇದೇ ಹಳೇ ತಲೆಮಾರಿನ ಚಿಪ್ಪುಗಳಿಗೆ ಒಂದರ ಮೇಲೊಂದು ಫ್ಯಾಬ್ ಕಟ್ಟಿ ಬೆಲೆ ಇಳಿಸುತ್ತಿದೆ.

ಕಬ್ಬು ಅರೆಯದೆ ನಿಂತ ವರ್ಷಗಳಲ್ಲಿ ಮಂಡ್ಯದ ಮೈಶುಗರ್ ಸರ್ಕಾರಕ್ಕೂ ರೈತರಿಗೂ ಎಷ್ಟು ಭಾರವಾಯಿತು ಅಂತ ನಿಮಗೆ ಗೊತ್ತೇ ಇದೆ. ಸಕ್ಕರೆ ಕಾರ್ಖಾನೆಯನ್ನಾದರೂ ಹಂಗಾಮು ಮುಗಿದ ಮೇಲೆ ಆರಿಸಿ, ಮುಂದಿನ ಸಲಕ್ಕೆ ಹಚ್ಚಬಹುದು. ಫ್ಯಾಬ್‌ಗೆ ಆ ಸೌಕರ್ಯವೂ ಇಲ್ಲ. ಆರ್ಡರ್ ಇರಲಿ ಬಿಡಲಿ, ಕ್ಲೀನ್‌ರೂಮಿನ ಗಾಳಿ ದಿನದ 24 ಗಂಟೆಯೂ ಸೋಸುತ್ತಲೇ ಇರಬೇಕು.

ಫ್ಯಾಬ್ ಒಳಗೆ ಹೋದವರಿಗೆ ಮೊದಲು ಕಾಣುವುದು ತಲೆಯ ಮೇಲಿನ ಹಳಿ. ಒಂದೊಂದು ಡಬ್ಬಿಯಲ್ಲಿ 25 ವೇಫರ್. ಆ ಡಬ್ಬಿಗಳು ಹಳಿಯ ಮೇಲೆ ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡುತ್ತಲೇ ಇರುತ್ತವೆ. ಲಿತೊಗ್ರಫಿ, ಅಂದರೆ ಬೆಳಕಿನಿಂದ ವೇಫರ್ ಮೇಲೆ ನಕ್ಷೆ ಮೂಡಿಸುವ ಕೆಲಸ, ನಡೆಯುವ ಕಡೆ ಬರೀ ಹಳದಿ ಬೆಳಕು. ಬಿಳಿ ಬೆಳಕಿಗೆ ಅಲ್ಲಿನ ಲೇಪ ಕೆಡುತ್ತದೆ. ಜನ ಅಂತೂ ಬಹಳ ಕಡಿಮೆ. ಒಳಗೆ ಹೋದ ವೇಫರ್ ಪೂರ್ತಿಯಾಗಿ ಹೊರಬರುವುದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಹಾದುಹೋಗುವ ಹಂತಗಳು ನೂರಾರು, ಚಿಪ್ ಸ್ವಲ್ಪ ಸಂಕೀರ್ಣವಾದರೆ ಸಾವಿರದ ಹತ್ತಿರ. ಪ್ರತಿ ಹಂತದಲ್ಲೂ ಸಾವಿರಕ್ಕೆ 999 ಸರಿ ಬರುತ್ತವೆ ಅಂತಿಟ್ಟುಕೊಳ್ಳಿ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ಅಲ್ವಾ? ಸಾವಿರ ಹಂತ ದಾಟುವಷ್ಟರಲ್ಲಿ ನೂರಕ್ಕೆ ಸರಿಯಾಗಿ ಉಳಿಯುವುದು 37 ಮಾತ್ರ. ಯೀಲ್ಡ್ ಅನ್ನೋದು ಇದೇ. ಅದನ್ನು 37ರಿಂದ 90ರ ಮೇಲಕ್ಕೆ ಎಳೆಯುವುದರಲ್ಲೇ ಹೊಸ ಫ್ಯಾಬ್‌ನ ಮೊದಲ ವರ್ಷಗಳು ಕಳೆದುಹೋಗುತ್ತವೆ. ಆ ಅಷ್ಟೂ ದಿನ ಸವಕಳಿಯ ಲೆಕ್ಕ ನಡೆದೇ ಇರುತ್ತದೆ. ಕೆಟ್ಟ ಚಿಪ್ಪಿಗೂ ಒಳ್ಳೆಯ ಚಿಪ್ಪಿಗೂ ಖರ್ಚು ಒಂದೇ.

ಕರೆಂಟಿನ ವಿಷಯವನ್ನೂ ಹೇಳಿಬಿಡುತ್ತೇನೆ. 2019ರ ಜೂನ್‌ನಲ್ಲಿ ಜಪಾನಿನ ಯೊಕ್ಕೈಚಿಯಲ್ಲಿ, ಈಗ ಕಿಯೋಕ್ಸಿಯಾ ಅನ್ನಿಸಿಕೊಳ್ಳುವ ಕಂಪನಿಯ ಮೆಮೊರಿ ಫ್ಯಾಬ್‌ಗಳಲ್ಲಿ 13 ನಿಮಿಷ ಕರೆಂಟ್ ಹೋಯಿತು. ಜೊತೆಗಾರ ಕಂಪನಿ ವೆಸ್ಟರ್ನ್ ಡಿಜಿಟಲ್ ತನ್ನ ಪಾಲಿನ ನಷ್ಟವೇ ಸುಮಾರು 6 ಎಕ್ಸಾಬೈಟ್ ಮೆಮೊರಿ ಅಂತ ಅಂದಾಜು ಹೇಳಿತು. ಅಂದರೆ 60 ಲಕ್ಷ ಟೆರಾಬೈಟ್. ಕೆಲಸ ಮೊದಲಿನ ಹಾಗಾಗುವುದಕ್ಕೆ ವಾರಗಳು ಬೇಕಾದವು. 2021ರ ಬರದಲ್ಲಿ ತೈವಾನಿನ ಫ್ಯಾಬ್‌ಗಳು ಟ್ಯಾಂಕರ್‌ನಲ್ಲಿ ನೀರು ತರಿಸಿಕೊಂಡವು. ಕಾವೇರಿ, ಕಬಿನಿ ನೀರಿಗೆ ಬೇಸಿಗೆಯಲ್ಲಿ ಎಷ್ಟು ಕೈ ಚಾಚುತ್ತವೆ ಅಂತ ಗೊತ್ತಿರುವ ರಾಜ್ಯ ನಮ್ಮದು.

ಇಷ್ಟೆಲ್ಲ ಸರಿಯಾಗಿ ನಿಭಾಯಿಸಿದವರೂ ಬೀಳುತ್ತಾರೆ. ಕೊರಿಯಾದ ಮೆಮೊರಿ ಕಂಪನಿ ಎಸ್‌ಕೆ ಹೈನಿಕ್ಸ್‌ಗೆ 2023ರಲ್ಲಿ ಆದ ಕಾರ್ಯಾಚರಣೆ ನಷ್ಟ 7.73 ಲಕ್ಷ ಕೋಟಿ ವಾನ್. ಮಾರನೇ ವರ್ಷವೇ 23.47 ಲಕ್ಷ ಕೋಟಿ ವಾನ್ ಲಾಭ. ಕಂಪನಿ ಅದೇ, ಫ್ಯಾಬ್ ಅದೇ. ಬದಲಾಗಿದ್ದು ಮಾರುಕಟ್ಟೆ. ಜರ್ಮನಿಯ ಕಿಮೊಂಡಾಗೆ 2009ರಲ್ಲಿ, ಜಪಾನಿನ ಎಲ್ಪಿಡಾಗೆ 2012ರಲ್ಲಿ ಆ ಒಂದು ವರ್ಷ ಕಾಯುವಷ್ಟು ಉಸಿರಿರಲಿಲ್ಲ. ಎರಡೂ ದಿವಾಳಿ ಎದ್ದವು. ಇಂಟೆಲ್ ಅಷ್ಟು ದೊಡ್ಡ ಕಂಪನಿ 2024ರಲ್ಲಿ 1,880 ಕೋಟಿ ಡಾಲರ್ ನಷ್ಟ ತೋರಿಸಿತು. ಮುಂದಿನ ವರ್ಷ ಅಮೆರಿಕ ಸರ್ಕಾರವೇ ಅದರಲ್ಲಿ ಸುಮಾರು 10% ಪಾಲು ತೆಗೆದುಕೊಂಡಿತು.

ಇವೆಲ್ಲಕ್ಕಿಂತ ನಮಗೆ ಹತ್ತಿರದ ಕಥೆ ಪವರ್‌ಚಿಪ್‌ನದು. ಧೋಲೇರಾದಲ್ಲಿ ಟಾಟಾ ಕಂಪನಿಗೆ ತಂತ್ರಜ್ಞಾನ ಕೊಡುತ್ತಿರುವ ಪಿಎಸ್‌ಎಂಸಿ ಇದರ ಮುಂದುವರಿಕೆಯೇ. ತೈವಾನಿನ ಈ ಕಂಪನಿ ಮೊದಲು ಕಂಪ್ಯೂಟರ್ ಮೆಮೊರಿ ಮಾಡುತ್ತಿತ್ತು. 2008ರ ನಂತರ ಮೆಮೊರಿ ಬೆಲೆ ನೆಲಕಚ್ಚಿತು, ಸಾಲ ಏರಿತು, ಆಸ್ತಿಗಿಂತ ಸಾಲವೇ ಜಾಸ್ತಿಯಾಗಿ 2012ರಲ್ಲಿ ಅದನ್ನು ಷೇರುಪೇಟೆಯಿಂದಲೇ ತೆಗೆದುಹಾಕಿದರು. ಅಲ್ಲಿಂದ ಅದು ಬದುಕಿ ಬಂದ ರೀತಿಯನ್ನು ನೀವು ಗಮನಿಸಬೇಕು. ಸ್ವಂತಕ್ಕೆ ಮೆಮೊರಿ ಮಾಡಿ ಮಾರುಕಟ್ಟೆಯ ಬೆಲೆಗೆ ಕಾಯುವುದನ್ನು ಬಿಟ್ಟು, ಬೇರೆಯವರು ಡಿಸೈನ್ ಮಾಡಿದ ಚಿಪ್ಪುಗಳನ್ನು ಆರ್ಡರ್ ಮೇಲೆ ಮಾಡಿಕೊಡಲು ಶುರು ಮಾಡಿತು. ಟಿವಿ, ಮೊಬೈಲ್ ಪರದೆ ಓಡಿಸುವ ಚಿಪ್ಪು, ಪವರ್ ಚಿಪ್ಪು, ಅಂಥವು. ತೈವಾನಿನಲ್ಲಿ ಡಿಸೈನ್ ಕಂಪನಿಗಳು ಬೇಕಾದಷ್ಟಿದ್ದವು. ಅವುಗಳ ಆರ್ಡರ್ ಹಿಡಿದು, ಅದೇ ಹಳೇ ಯಂತ್ರಗಳಲ್ಲಿ ದುಡಿದು, ಸಾಲ ತೀರಿಸಿ, 2021ರಲ್ಲಿ ಪಿಎಸ್‌ಎಂಸಿ ಹೆಸರಿನಲ್ಲಿ ಮತ್ತೆ ಷೇರುಪೇಟೆಗೆ ಬಂತು. ಚೀನಾದ ಬೆಲೆ ಪೈಪೋಟಿಯಲ್ಲಿ 2023, 2024ರಲ್ಲಿ ಮತ್ತೆ ನಷ್ಟಕ್ಕೆ ಬಿತ್ತು, ಅದು ಬೇರೆ ಮಾತು. ಧೋಲೇರಾದಲ್ಲಿ ಅದು ತಂತ್ರಜ್ಞಾನ ಕೊಟ್ಟು ಶುಲ್ಕ ಪಡೆಯುತ್ತದೆ. ಫ್ಯಾಬ್ ಓಡಿಸುವ ಕಷ್ಟ ಟಾಟಾ ಕಂಪನಿಯದು.

ಪವರ್‌ಚಿಪ್ ಉಳಿದದ್ದು ಊರಲ್ಲೇ ಗಿರಾಕಿಗಳಿದ್ದರು ಅನ್ನುವ ಕಾರಣಕ್ಕೆ. ನಮ್ಮ ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ ಎಸ್‌ಸಿಎಲ್‌ಗೆ ಅಂಥ ಗಿರಾಕಿಗಳ ಸಾಲು ಯಾವತ್ತೂ ಬರಲಿಲ್ಲ. 1984ರಲ್ಲಿ 5 ಮೈಕ್ರಾನ್‌ನಿಂದ ಶುರುವಾಗಿ, ಕೆಲವೇ ವರ್ಷಗಳಲ್ಲಿ 0.8 ಮೈಕ್ರಾನ್ ಮುಟ್ಟಿದ್ದ ಕಾರ್ಖಾನೆ ಅದು (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್). 1989ರ ಫೆಬ್ರವರಿಯಲ್ಲಿ ಬೆಂಕಿ ಬಿತ್ತು. ಮತ್ತೆ ಉತ್ಪಾದನೆ ಹಿಡಿಯುವಷ್ಟರಲ್ಲಿ 1997 ಆಗಿತ್ತು. ಅದನ್ನು ಬೇಗ ಎಬ್ಬಿಸಿ ಅಂತ ಜಗಳ ಮಾಡುವ ದೊಡ್ಡ ಖರೀದಿದಾರರು ಇದ್ದಿದ್ದರೆ ಎಂಟು ವರ್ಷ ಹಿಡಿಯುತ್ತಿರಲಿಲ್ಲ ಅಂತ ನನ್ನ ಅನಿಸಿಕೆ. ಇಂದು ಅದು ಮುಖ್ಯವಾಗಿ ಇಸ್ರೋ ಕೆಲಸಕ್ಕೆ 180 ನ್ಯಾನೋಮೀಟರ್ ಚಿಪ್ ಮಾಡುತ್ತದೆ. 2014ರಲ್ಲಿ ಕೇಂದ್ರ ಒಪ್ಪಿದ ಎರಡು ಫ್ಯಾಬ್‌ಗಳಂತೂ ಮೇಲೇಳಲೇ ಇಲ್ಲ.

ಈಗ ನಮ್ಮೂರಿಗೆ ಬರೋಣ.

ಕರೆಂಟ್ ಮೀಟರ್‌ಗೆ ಬೇಕಾದ ಚಿಪ್ ಮಾಡಲು ಹೊರಟ ಒಂದು ಚಿಕ್ಕ ಕಂಪನಿಯಲ್ಲಿ ನಾನು ಕೆಲಸ ಮಾಡಿದ್ದೆ. ನಾಲ್ಕಾರು ಕಂಪನಿಗಳು ಒಂದೇ ವೇಫರ್ ಹಂಚಿಕೊಳ್ಳುವ ಶಟಲ್‌ನಲ್ಲಿ ಮೊದಲ ಟೇಪ್‌ಔಟ್, ಅಂದರೆ ಮುಗಿದ ಡಿಸೈನನ್ನು ಫ್ಯಾಬ್‌ಗೆ ಕಳಿಸುವ ಕೆಲಸ, ಮಾಡಿದೆವು. ತಿಂಗಳುಗಳಾದ ಮೇಲೆ ಒಂದು ಸಣ್ಣ ಪಾರ್ಸೆಲ್ ಬಂತು. ಬೋರ್ಡಿಗೆ ಬೆಸುಗೆ ಹಾಕಿ, ಒಂದು ಬಲ್ಬಿನ ಲೋಡ್ ಕೊಟ್ಟು ನೋಡಿದರೆ ಯೂನಿಟ್ ಸರಿಯಾಗಿಯೇ ಓದಿತು. ಅಲ್ಲಿಗೆ ನಮ್ಮ ಕಷ್ಟ ಮುಗಿಯಿತು ಅಂದುಕೊಂಡೆವು. ಮೀಟರ್ ತಯಾರಕರ ಬಳಿ ಹೋದಾಗ ಕೇಳಿದ್ದು ಎರಡೇ ಪ್ರಶ್ನೆ. ‘ಇದು ಎಷ್ಟು ವರ್ಷದಿಂದ ಫೀಲ್ಡಿನಲ್ಲಿ ಓಡುತ್ತಿದೆ? ಹೊರಗಿನ ಚಿಪ್ಪಿಗಿಂತ ಎಷ್ಟು ಕಡಿಮೆ?’ ಅವರ ತಪ್ಪೇನೂ ಇಲ್ಲ. ಮೀಟರ್ ಕೆಟ್ಟರೆ ದಂಡ ಕಟ್ಟುವವರು ಅವರು. ಟೆಂಡರ್‌ನಲ್ಲಿ ಒಂದೊಂದು ಪೈಸೆಗೂ ಹೋರಾಡುವವರು ಅವರು. ಹೊಸ ಚಿಪ್ ಹಾಕಿ ಅಪಾಯ ಮೈಮೇಲೆ ಎಳೆದುಕೊಳ್ಳಿ ಅಂತ ಅವರಿಗೆ ಯಾರು ಹೇಳಬೇಕು?

ಬೆಲೆಯ ಕಥೆಯೂ ಹೀಗೇ. 28 ನ್ಯಾನೋಮೀಟರ್‌ನಲ್ಲಿ ಪೂರ್ತಿ ಮಾಸ್ಕ್ ಸೆಟ್ (ವೇಫರ್ ಮೇಲೆ ಡಿಸೈನ್ ಮೂಡಿಸುವ ಪಡಿಯಚ್ಚುಗಳು) ಮಾಡಿಸಲು ಹತ್ತು ಕೋಟಿ ರೂಪಾಯಿ ಆಗುವುದು ವಿಶೇಷವೇನಲ್ಲ. ಹತ್ತು ಸಾವಿರ ಚಿಪ್ ಮಾರಿದರೆ ಒಂದೊಂದರ ಮೇಲೆ ಬರೀ ಮಾಸ್ಕಿನ ಖರ್ಚೇ 10,000 ರೂಪಾಯಿ. ಒಂದು ಕೋಟಿ ಚಿಪ್ ಮಾರಿದರೆ ಹತ್ತೇ ರೂಪಾಯಿ. ಚಿಪ್ ಅದೇ, ಡಿಸೈನ್ ಅದೇ, ಇಂಜಿನಿಯರ್‌ಗಳೂ ಅವರೇ. ಎಷ್ಟು ಜನ ಕೊಳ್ಳುತ್ತಾರೆ ಅನ್ನುವುದೊಂದೇ ಅದನ್ನು ಅಗ್ಗವೋ ದುಬಾರಿಯೋ ಮಾಡುತ್ತದೆ. ಮೀಟರ್‌ಗೆ ಬೇಕಾದ ಚಿಪ್ಪುಗಳು ಇದಕ್ಕಿಂತ ಹಳೇ ತಂತ್ರಜ್ಞಾನದಲ್ಲೇ ಆಗುತ್ತವೆ, ಮಾಸ್ಕ್ ಖರ್ಚು ಕಡಿಮೆ. ಆದರೂ ಚಿಕ್ಕ ಕಂಪನಿಗೆ ಭಾಗಾಕಾರದ ಹೊಡೆತ ಒಂದೇ.

ಕೇಂದ್ರದ ಡಿಎಲ್‌ಐ ಅನ್ನೋ ಚಿಪ್ ಡಿಸೈನ್ ಪ್ರೋತ್ಸಾಹ ಯೋಜನೆ ಡಿಸೈನ್ ಖರ್ಚಿನ ಅರ್ಧವನ್ನು, ಗರಿಷ್ಠ 15 ಕೋಟಿವರೆಗೆ ಕೊಡುತ್ತದೆ. ಒಳ್ಳೆಯ ಯೋಜನೆ. ಆದರೆ ಅದು ಖರ್ಚಾದ ಮೇಲೆ ಮರಳಿಸುವ ದುಡ್ಡು. ಮೊದಲು ಸುರಿಯುವುದಕ್ಕೆ ಚಿಕ್ಕ ಕಂಪನಿಯ ಬಳಿ ಏನಿರುತ್ತದೆ? ಹೀಗಾಗಿಯೇ ನಮ್ಮಲ್ಲಿ ಚೆನ್ನಾಗಿ ಬೆಳೆದ ಚಿಪ್ ಕಂಪನಿಗಳು ಯಾರದೋ ಕೈ ಸೇರುತ್ತವೆ. ಬೆಂಗಳೂರಿನ ಕಾಸ್ಮಿಕ್ ಸರ್ಕ್ಯೂಟ್ಸ್ 2013ರಲ್ಲಿ ಅಮೆರಿಕದ ಕೇಡೆನ್ಸ್ ಪಾಲಾಯಿತು. ಸಾಂಖ್ಯ ಲ್ಯಾಬ್ಸ್ 2022ರಲ್ಲಿ ಇಲ್ಲಿನದೇ ತೇಜಸ್ ನೆಟ್‌ವರ್ಕ್ಸ್ ಕೈ ಸೇರಿತಲ್ಲ, ಅದಾದರೂ ಸಮಾಧಾನ.

ಸ್ಮಾರ್ಟ್ ಮೀಟರ್ ವಿಷಯ ಯಾಕೆ ಎತ್ತಿದೆ ಅಂದರೆ, ಅಲ್ಲಿ ಖರೀದಿದಾರರು ನೀವೇ. 2025ರಲ್ಲಿ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿತು. ದೇಶದಲ್ಲಿ ಒಟ್ಟು 25 ಕೋಟಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ಹಾಕುವ ಗುರಿ ಕೇಂದ್ರದ್ದು. ಒಂದು ಮೀಟರ್ ಬಿಚ್ಚಿ ನೋಡಿ. ಕರೆಂಟ್ ಅಳೆಯುವ ಚಿಪ್ ಒಂದು, ಲೆಕ್ಕ ಇಡುವ ಮೈಕ್ರೋಕಂಟ್ರೋಲರ್ ಒಂದು, ಸುದ್ದಿ ಕಳಿಸುವ ರೇಡಿಯೋ ಅಥವಾ ಮೋಡೆಮ್ ಚಿಪ್ ಒಂದು, ಪವರ್ ಚಿಪ್ ಒಂದೆರಡು. ಇವು ಯಾವುದಕ್ಕೂ 3 ನ್ಯಾನೋಮೀಟರ್ ಬೇಡ. ಎಲ್ಲವೂ ಧೋಲೇರಾ ಮಾಡಲು ಹೊರಟಿರುವ ಮಟ್ಟದವು, ಅಥವಾ ಅದಕ್ಕಿಂತಲೂ ಹಳೆಯವು. ಬೆಂಗಳೂರಿನಲ್ಲಿ ಇವುಗಳನ್ನು ಡಿಸೈನ್ ಮಾಡಬಲ್ಲ ಸಾವಿರಾರು ಜನ ಇದ್ದಾರೆ. ಆ ಕೆಲಸವನ್ನು ಈಗ ಹೊರದೇಶದ ಕಂಪನಿಗಳಿಗಾಗಿ ಮಾಡುತ್ತಿದ್ದಾರೆ, ಅಷ್ಟೆ.

ಹಾಗಾಗಿ ಮುಂದಿನ ಮೀಟರ್ ಟೆಂಡರ್‌ನಲ್ಲಿ ಒಂದು ಪಾಲನ್ನು, ಐದು ಲಕ್ಷ ಮೀಟರ್ ಆದರೂ ಸರಿ, ಭಾರತದಲ್ಲಿ ಡಿಸೈನ್ ಆದ ಚಿಪ್ ಇರುವ ಮೀಟರ್‌ಗಳಿಗೇ ಮೀಸಲಿಡಿ. ಹಿಂದಿನ ಅನುಭವದ ಷರತ್ತನ್ನು ಆ ಪಾಲಿಗೆ ಸಡಿಲಿಸಿ. ಬದಲಿಗೆ ಪರೀಕ್ಷೆ ಬಿಗಿ ಮಾಡಿ. ಹೊಸ ಚಿಪ್ಪಿನಿಂದ ಮೀಟರ್ ಕೆಟ್ಟರೆ ಬದಲಾಯಿಸುವ ಖರ್ಚಿಗೆ ರಾಜ್ಯವೇ ಒಂದು ನಿಧಿ ಇಡಲಿ. ತಯಾರಕರ ಮೇಲೂ, ಬಿಲ್ ಕಟ್ಟುವ ಮನೆಯವರ ಮೇಲೂ ಆ ಹೊರೆ ಬೀಳದಿರಲಿ. ಬಸ್ಸಿನ ಟಿಕೆಟ್ ಮಷೀನು, ನೀರಿನ ಮೀಟರ್, ಬೀದಿದೀಪದ ಕಂಟ್ರೋಲರ್ ಎಲ್ಲಕ್ಕೂ ಇದೇ ದಾರಿ ಆಗುತ್ತದೆ. ಇಂಥ ಖಾತ್ರಿ ಆರ್ಡರ್ ಕೈಯಲ್ಲಿದ್ದರೆ ಚಿಕ್ಕ ಕಂಪನಿಗೆ ಬ್ಯಾಂಕು ಸಾಲ ಕೊಡುತ್ತದೆ. ಆ ಆರ್ಡರ್ ಹಿಡಿದು ಅವರು ಧೋಲೇರಾಕ್ಕೆ ಹೋದರೆ ಅಲ್ಲಿನ ಫ್ಯಾಬ್‌ಗೂ ಕೆಲಸ. ಗುಜರಾತಿನ ಫ್ಯಾಬ್ ತುಂಬಿದರೆ ನಮಗೇನು ಅಂತ ದಯವಿಟ್ಟು ಯೋಚಿಸಬೇಡಿ. ಚಿಪ್ಪಿನ ಲಾಭದಲ್ಲಿ ದೊಡ್ಡ ಪಾಲು ಡಿಸೈನ್ ಯಾರದೋ ಅವರಿಗೇ ಹೋಗುತ್ತದೆ.

ಟೇಪ್‌ಔಟ್ ದುಡ್ಡನ್ನು ಮುಂಗಡವಾಗಿ ಕೊಡುವ ರಾಜ್ಯದ ನಿಧಿಯೂ ಬೇಕು. ಡಿಎಲ್‌ಐ ಹಣ ಬಂದಾಗ ಕಂಪನಿ ಅದನ್ನು ವಾಪಸ್ ಕಟ್ಟಲಿ.

ಪೀಣ್ಯದ ಸಣ್ಣ ಕಾರ್ಖಾನೆಗಳ ಬಗ್ಗೆಯೂ ಯೋಚಿಸಿ. ಫ್ಯಾಬ್ ಯಂತ್ರ ಮಾಡುವ ಅಪ್ಲೈಡ್ ಮಟೀರಿಯಲ್ಸ್, ಲ್ಯಾಮ್ ರಿಸರ್ಚ್ ಇವತ್ತು ಬೆಂಗಳೂರಿನಲ್ಲಿವೆ. ಲ್ಯಾಮ್ 2025ರಲ್ಲಿ ರಾಜ್ಯದಲ್ಲಿ 10,000 ಕೋಟಿಗೂ ಜಾಸ್ತಿ ಹೂಡುವುದಾಗಿ ಹೇಳಿದೆ. ಈ ಯಂತ್ರಗಳ ವ್ಯಾಕ್ಯೂಮ್ ಚೇಂಬರು, ವಾಲ್ವು, ಗ್ಯಾಸ್ ಪೈಪಿನ ಭಾಗಗಳನ್ನು ಕಡೆಯಬಲ್ಲ ಕೈಗಳು ಪೀಣ್ಯದಲ್ಲಿವೆ. ಅವರಿಗೆ ಇಲ್ಲದ್ದು ಆ ಮಟ್ಟದ ಅಳತೆ ಮತ್ತು ಶುದ್ಧೀಕರಣದ ಲ್ಯಾಬ್. ಅಂಥದ್ದೊಂದನ್ನು ಎಲ್ಲರೂ ಬಾಡಿಗೆಗೆ ಬಳಸುವ ಹಾಗೆ ಕಟ್ಟಿಕೊಡಿ. ಸರ್ಕಾರದ ತರಬೇತಿ ಕೇಂದ್ರವಾದ ಜಿಟಿಟಿಸಿಯಲ್ಲಿ ವ್ಯಾಕ್ಯೂಮ್ ಪಂಪ್, ಗ್ಯಾಸ್ ಲೈನ್ ನೋಡಿಕೊಳ್ಳುವ ಕೋರ್ಸ್ ತೆರೆಯಿರಿ. ಕೋಚನಹಳ್ಳಿಯ ಯೋಜನೆಯಲ್ಲಿ 3,426 ಕೋಟಿಗೆ ಹೇಳಿದ್ದ ಉದ್ಯೋಗ 460, ಅಂದರೆ ಒಂದು ಕೆಲಸಕ್ಕೆ ಏಳು ಕೋಟಿಗೂ ಜಾಸ್ತಿ. ಪೀಣ್ಯದ ಶೆಡ್ಡುಗಳಲ್ಲಿ ಅದೇ ದುಡ್ಡು ಎಷ್ಟು ಮನೆ ನಡೆಸುತ್ತದೆ ಅಂತ ನಿಮ್ಮ ಅಧಿಕಾರಿಗಳೇ ಲೆಕ್ಕ ಹಾಕಲಿ.

ಫ್ಯಾಬ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು ಅನಿಸಿದರೆ ಚಿಕ್ಕದರಿಂದ ಶುರು ಮಾಡಿ. ಐಐಎಸ್‌ಸಿಯಲ್ಲಿ ಗ್ಯಾಲಿಯಂ ನೈಟ್ರೈಡ್ (ಸಿಲಿಕಾನ್ ಬದಲು ಬಳಸುವ ಚಿಪ್ ವಸ್ತು) ಮೇಲೆ ವರ್ಷಗಳ ಕೆಲಸ ಆಗಿದೆ, ಅದರಿಂದಲೇ ಅಗ್ನಿಟ್ ಅನ್ನೋ ಕಂಪನಿ ಹುಟ್ಟಿದೆ. ತಂತ್ರಜ್ಞಾನ ನಮ್ಮದು, ಜನ ನಮ್ಮವರು, ಗಾತ್ರ ನಿಭಾಯಿಸುವಂಥದ್ದು. ದೊಡ್ಡ ಒಡಂಬಡಿಕೆ ಯಾವುದಾದರೂ ಬಂದರೆ, ಸಹಿ ಹಾಕುವ ಮುಂಚೆ ಎರಡು ವಿಷಯ ಜನರ ಮುಂದಿಡಿ: ತಂತ್ರಜ್ಞಾನ ಯಾರದು, ಮೊದಲ ಐದು ವರ್ಷ ಕೊಳ್ಳುವವರು ಯಾರು.

ಎಸ್ಕಾಂಗಳ ಮುಂದಿನ ಮೀಟರ್ ಟೆಂಡರ್‌ನ ಕರಡು ಸಿದ್ಧವಾಗುವಾಗ ಚಿಪ್ ಡಿಸೈನ್ ಮಾಡುವವರನ್ನೂ ಮೀಟರ್ ತಯಾರಕರನ್ನೂ ಒಟ್ಟಿಗೆ ಕರೆಯಿರಿ. ಯಾವ ಚಿಪ್ ಇಲ್ಲಿ ಇವತ್ತೇ ಸಿದ್ಧವಿದೆ, ಯಾವುದಕ್ಕೆ ಒಂದು ವರ್ಷ ಬೇಕು, ಪರೀಕ್ಷೆ ಹೇಗಿರಬೇಕು ಅಂತ ಸಾಲು ಸಾಲಾಗಿ ಬರೆದುಕೊಡಲು ನಾವು ಹಲವರು ತಯಾರಿದ್ದೇವೆ. ಇದಕ್ಕೆ ಸಂಭಾವನೆ ಬೇಡ. ನಿಮ್ಮ ಕಚೇರಿಯಿಂದ ಒಂದು ದಿನಾಂಕ ಗೊತ್ತಾದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಚಿಪ್ ಡಿಸೈನ್ ಇಂಜಿನಿಯರ್